ಬೇಹಿನ ಕೆಲಸ ಕಾಯಕವಾದೀತೆ?

ಮುದ್ದೇಬಿಹಾಳ ತಾಲ್ಲೂಕಿನ ತಂಗಡಗಿಗೆ ಎರಡು ಖ್ಯಾತಿಗಳಿವೆ. ಎರಡೂ ಒಂದಕ್ಕೊಂದು ಸಂಬಂಧವಿಲ್ಲದಂತೆ ಕಾಣುತ್ತವೆ. ಶರಣಪರಂಪರೆಯವರಿಗೆ ಅದು ಕೃಷ್ಣೆಯ ದಂಡೆಯ ಮೇಲಿನ, ಬಸವಣ್ಣನವರ ಮಡದಿ ನೀಲಾಂಬಿಕೆಯ ಐಕ್ಯಸ್ಥಳ. ಕೂಡಲಸಂಗಮ ಸೇರಿದ್ದ ಬಸವಣ್ಣನವರು ಆಕೆಯನ್ನು ಕರೆತರಲು ಹಡಪದ ಅಪ್ಪಣ್ಣನವರನ್ನು ಕಳಿಸಿದರೆಂದೂ, ಬರುವ ದಾರಿಯಲ್ಲಿ ಬಸವಣ್ಣನವರು ಲಿಂಗೈಕ್ಯರಾದ ಸುದ್ದಿ ತಿಳಿದು ಆಕೆ ತಂಗಡಗಿಯಲ್ಲೇ ಐಕ್ಯಳಾದಳೆಂದೂ ನಂಬಿಕೆ. ಅಪ್ಪಣ್ಣನವರ ಹೆಸರಿನ ಗುರುಪೀಠವೂ ಅಲ್ಲಿದೆ. ಚರಿತ್ರೆಯ ಪುಸ್ತಕಗಳಲ್ಲಿ ಇದೇ ಊರು ರಕ್ಕಸಗಿ-ತಂಗಡಗಿ ಎಂಬ ಜೋಡಿಯಾಗಿ ಬರುತ್ತದೆ. 1565ರ ಜನವರಿ 23ರಂದು ವಿಜಯನಗರದ ಬೆನ್ನು ಮುರಿದ ಕಾಳಗಕ್ಕೆ ತಾಳಿಕೋಟೆಯ ಜೊತೆಗೆ ಈ ಎರಡು ಹಳ್ಳಿಗಳ ಹೆಸರೂ ಅಂಟಿಕೊಂಡಿದೆ. ರಣರಂಗ ಹೊಳೆಯ ಈಚೆಗಿತ್ತೋ ಆಚೆಗಿತ್ತೋ ಎಂಬ ವಾದ ಇಂದಿಗೂ ನಿಂತಿಲ್ಲ, ಅದು ಇಲ್ಲಿ ಬೇಡ. ಒಂದು ನೆನಪಿನ ನಡುವೆ ನಿಂತಿರುವವನು ಹಡಪದವನು, ಅಂದರೆ ಒಡೆಯನ ಎಲೆಯಡಿಕೆಯ ಸಂಚಿ ಹಿಡಿದವನು. ಯಾರು ಬಂದರು, ಯಾರು ಹೋದರು, ತಗ್ಗಿದ ದನಿಯಲ್ಲಿ ಏನು ಮಾತಾಯಿತು ಎಂಬುದೆಲ್ಲ ಕಿವಿಗೆ ಬೀಳುವ ಜಾಗ ಅವನದು. ಯಾವ ಅರಸೊತ್ತಿಗೆಯಲ್ಲಾದರೂ ಹಗೆಯ ಬೇಹುಗಾರ ಮೊದಲು ಕೊಳ್ಳಲು ನೋಡುವುದು ಇಂಥವನನ್ನೇ. ಅಪ್ಪಣ್ಣನವರ ಹೆಸರು ಎಂಟು ಶತಮಾನ ಉಳಿದಿರುವುದು ಅವರ ಬಳಿ ಮಾತು ಭದ್ರವಾಗಿತ್ತು ಎಂಬ ಕಾರಣಕ್ಕೂ ಹೌದು. ಇನ್ನೊಂದು ನೆನಪಿನಲ್ಲಿ, ಹೊಳೆ ದಾಟಲು ಎಲ್ಲಿ ಕಡವಿದೆ, ಅದನ್ನು ಯಾರು ಕಾಯುತ್ತಿದ್ದಾರೆ ಎಂಬ ಸುದ್ದಿಯೇ ಒಂದು ಸಾಮ್ರಾಜ್ಯದ ಹಣೆಬರಹವನ್ನು ಅರ್ಧ ಬರೆದುಬಿಟ್ಟಿತು. ಈ ಎರಡನ್ನೂ ಎದುರಿಗಿಟ್ಟುಕೊಂಡು ನಮ್ಮ ಕಾಲದ ಒಂದು ಪ್ರಶ್ನೆಯನ್ನು ಕೇಳಬಹುದು. ವರ್ಷದ ಬಹುಪಾಲು ಮೇಷ್ಟರೋ, ವಕೀಲರೋ, ವ್ಯಾಪಾರಸ್ಥರೋ ಆಗಿದ್ದು, ಕರೆ ಬಂದಾಗ ಮಾತ್ರ ಸೇನೆಯ ಬೇಹು ವಿಭಾಗಕ್ಕೆ ಹೋಗಿ ದುಡಿದು ಮತ್ತೆ ಊರಿಗೆ ಮರಳುವ ಮೀಸಲು ಸೈನಿಕರಿದ್ದಾರೆ. ಅವರ ಆ ಕೆಲಸ ಧರ್ಮಕ್ಕೆ ಒಪ್ಪುವಂಥದೆ?

ಇದು ಕಲ್ಪನೆಯ ಪ್ರಶ್ನೆಯಲ್ಲ. ಅಮೆರಿಕದ ಆರ್ಮಿ ರಿಸರ್ವ್ ತನ್ನ ಬೇಹು ಘಟಕಗಳನ್ನು ಒಂದು ಕಮಾಂಡಿನ ಅಡಿಗೆ ತಂದದ್ದು 2005ರಲ್ಲಿ. ಅದರ ಕೇಂದ್ರ ವರ್ಜೀನಿಯಾದ ಫೋರ್ಟ್ ಬೆಲ್ವಾರ್. ಕೆಳಗೆ ಬ್ರಿಗೇಡು, ಅದರ ಕೆಳಗೆ ಬೆಟಾಲಿಯನ್ನು. ತಿಂಗಳಿಗೊಂದು ವಾರಾಂತ್ಯ, ವರ್ಷಕ್ಕೆ ಎರಡು ವಾರ ತರಬೇತಿ. ಯುದ್ಧ ಬಂದರೆ ಕಾಯಂ ಪಡೆಯ ಜೊತೆ ಹೋಗಿ ಸೆರೆಯಾಳುಗಳ ವಿಚಾರಣೆ, ಅನುವಾದ, ಉಪಗ್ರಹ ಚಿತ್ರಗಳ ಓದು, ಹಗೆಯ ಗೂಢಚಾರರ ಪತ್ತೆ, ಬಂದ ಸುದ್ದಿಯ ಜರಡಿ ಇವೆಲ್ಲ. ಬ್ರಿಟನ್ನಿನ ಇಂಟೆಲಿಜೆನ್ಸ್ ಕೋರಿಗೂ ಮೀಸಲು ಬೆಟಾಲಿಯನ್ನುಗಳಿವೆ. ನಮ್ಮಲ್ಲಿ ಸೇನೆಯ ಇಂಟೆಲಿಜೆನ್ಸ್ ಕೋರ್ ಹುಟ್ಟಿದ್ದು 1942ರಲ್ಲಿ, ಅದರ ತರಬೇತಿ ಶಾಲೆ ಪುಣೆಯಲ್ಲಿದೆ. ಮೀಸಲು ಎಂದರೆ ನಮಗೆ ಟೆರಿಟೋರಿಯಲ್ ಆರ್ಮಿ. 1948ರ ಕಾಯಿದೆಯಿಂದ ಬಂದ ಇದನ್ನು 1949ರ ಅಕ್ಟೋಬರ್ 9ರಂದು ರಾಜಗೋಪಾಲಾಚಾರಿ ಉದ್ಘಾಟಿಸಿದರು. ಕಾಲ್ದಳ, ರೈಲ್ವೆ, ತೈಲ, ಪರಿಸರ ಹೀಗೆ ಅದರ ಘಟಕಗಳು. ಸೇರುವವರಿಗೆ ಬೇರೆ ಉದ್ಯೋಗ ಇರಲೇಬೇಕೆಂಬುದು ಅದರ ಮೂಲ ಶರತ್ತು. 2024ರ ಆರಂಭದಲ್ಲಿ ಚೀನೀ ಭಾಷೆ ಬಲ್ಲ ಐವರನ್ನು ಗಡಿಯ ಮಾತುಕತೆಗಳ ಕೆಲಸಕ್ಕೆಂದು ಅದರಲ್ಲಿ ಅಧಿಕಾರಿಗಳಾಗಿ ಸೇರಿಸಿಕೊಂಡದ್ದು ಚಿಕ್ಕ ಸುದ್ದಿಯಾಗಿ ಬಂದು ಹೋಯಿತು. ನನ್ನ ಮಟ್ಟಿಗೆ ಅದು ದೊಡ್ಡ ಸುದ್ದಿ. ಏಕೆ ಎಂಬುದನ್ನು ಮುಂದೆ ಹೇಳುತ್ತೇನೆ.

ಕಾಯಂ ಬೇಹುಗಾರನ ಬಗ್ಗೆ ಧರ್ಮಚಿಂತಕರು ಹೆಚ್ಚು ತಲೆ ಕೆಡಿಸಿಕೊಂಡಿಲ್ಲ. ಅವನನ್ನು ಅರಸನ ಕಣ್ಣು ಎಂದು ಕರೆದು, ಅವನ ಪಾಪಪುಣ್ಯವನ್ನು ಅರಸನ ಲೆಕ್ಕಕ್ಕೆ ಬರೆದು ಕೈತೊಳೆದುಕೊಂಡರು. ರಾಷ್ಟ್ರಕೂಟರ ಕಾಲದ ಜೈನ ಮುನಿ ಸೋಮದೇವಸೂರಿ ತನ್ನ ನೀತಿವಾಕ್ಯಾಮೃತದಲ್ಲಿ ಚಾರರಿಗೆಂದೇ ಒಂದು ಅಧ್ಯಾಯ ಇಟ್ಟಿದ್ದಾನೆ. ಸತ್ಯವನ್ನು ಮಹಾವ್ರತವಾಗಿ ಹೊತ್ತವನೊಬ್ಬ ಸುಳ್ಳನ್ನೇ ಕಸುಬಾಗಿ ಮಾಡಿಕೊಂಡವರ ಬಗ್ಗೆ ನೆಮ್ಮದಿಯಿಂದ ಬರೆಯಬಲ್ಲನೆಂದರೆ, ಆ ಎರಡು ಲೋಕಗಳ ನಡುವಿನ ಗೋಡೆ ಅಷ್ಟು ಗಟ್ಟಿಯಾಗಿತ್ತು ಎಂದರ್ಥ. ಮೀಸಲು ಸೈನಿಕನ ವಿಚಾರದಲ್ಲಿ ಆ ಗೋಡೆ ನಿಲ್ಲುವುದಿಲ್ಲ. ಅವನು ಸೋಮವಾರ ಬೆಳಿಗ್ಗೆ ತರಗತಿಗೆ ಹೋಗಬೇಕು, ಅಂಗಡಿ ತೆರೆಯಬೇಕು, ಜಾತ್ರೆಯಲ್ಲಿ ತೇರು ಎಳೆಯಬೇಕು. ಅವನ ಮೈಮೇಲೆ ಎರಡು ಬದುಕುಗಳಿವೆ, ಒಂದರ ಗಳಿಕೆ ಇನ್ನೊಂದಕ್ಕೆ ಬಂಡವಾಳವಾಗುತ್ತದೆ. ಸೇನೆ ಅವನನ್ನು ಕರೆಯುವುದೂ ಅದಕ್ಕೇ. ಹನ್ನೆರಡನೆಯ ಶತಮಾನದ ಶರಣರು ಪೂಜೆಯನ್ನು ಗುಡಿಯಿಂದ ದುಡಿಮೆಗೆ ತಂದಾಗ ಎದ್ದದ್ದೂ ಇಂಥದೇ ಪ್ರಶ್ನೆ. ಕೆಲಸವೇ ಕೈಲಾಸವಾದರೆ ಎಲ್ಲ ಕೆಲಸವೂ ಕೈಲಾಸವೆ? ಅವರು ಕಸುಬಿನ ಮೇಲುಕೀಳನ್ನು ತಳ್ಳಿಹಾಕಿದರು, ಕಸುಬಿನ ಒಳಗಿನ ನಡೆಯನ್ನು ಮಾತ್ರ ಕಟ್ಟುನಿಟ್ಟಾಗಿ ಕೇಳಿದರು. ಹಾಗಾಗಿ ಬೇಹು ಹೊಲಸು ಕೆಲಸ ಎಂದು ದೂರ ನಿಲ್ಲುವ ಅನುಕೂಲ ಆ ಪರಂಪರೆಯವರಿಗೆ ಇಲ್ಲ.

ನನ್ನ ವಾದ ಇಷ್ಟು. ಬೇಹಿನ ಕೆಲಸವನ್ನು ಸುಳ್ಳು-ನಿಜಗಳ ತಕ್ಕಡಿಯಲ್ಲಿ ತೂಗಿದರೆ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಬಂಡವಾಳವಾದದ್ದು ಏನು, ಆ ಬಂಡವಾಳ ಯಾರದು ಎಂದು ಕೇಳಬೇಕು. ಊರಿನ ಬದುಕಿನಿಂದ ಸೇನೆಗೆ ಮೀಸಲು ಸೈನಿಕ ಎರಡು ಬಗೆಯ ಸ್ವತ್ತು ಒಯ್ಯಬಲ್ಲ. ಒಂದು ಅವನ ತಿಳಿವಳಿಕೆ: ಭಾಷೆ, ನೆಲದ ಪರಿಚಯ, ಕಸುಬಿನ ಕುಶಲತೆ. ಇನ್ನೊಂದು, ಅವನ ಮೇಲೆ ಇತರರು ಇಟ್ಟ ಭರವಸೆ. ರೋಗಿ ವೈದ್ಯನ ಮೇಲೆ, ಭಕ್ತ ಸ್ವಾಮಿಯ ಮೇಲೆ, ಪಾಲಕರು ಮೇಷ್ಟರ ಮೇಲೆ ಇಟ್ಟದ್ದು. ಮೊದಲನೆಯದು ಅವನ ಸ್ವಂತ ಗಳಿಕೆ, ಅದನ್ನು ದೇಶಕ್ಕೆ ಕೊಡಬಹುದು, ಕೊಡುವುದು ಕಾಯಕವೂ ಆದೀತು. ಎರಡನೆಯದು ಅವನ ಬಳಿ ಇರಿಸಿದ ಅಡವು. ಯಾವ ಕೆಲಸಕ್ಕೆಂದು ಇಟ್ಟರೋ ಆ ಕೆಲಸಕ್ಕೆ ಬಿಟ್ಟು ಬೇರೆಯದಕ್ಕೆ ಅದನ್ನು ಖರ್ಚು ಮಾಡಲು ಅವನಿಗೆ ಹಕ್ಕಿಲ್ಲ. ಅರಸನಿಗಾಗಲಿ ಸರ್ಕಾರಕ್ಕಾಗಲಿ ಆ ಹಕ್ಕನ್ನು ಅವನಿಗೆ ಕೊಡುವ ಅಧಿಕಾರವೂ ಇಲ್ಲ.

ತಂಗಡಗಿಯ ಹೊಳೆಯಲ್ಲೇ ಇದಕ್ಕೆ ಮೊದಲ ಸಾಕ್ಷಿ ಸಿಗುತ್ತದೆ. ಬಿಜಾಪುರದ ಆಸ್ಥಾನದಲ್ಲಿದ್ದ ಫೆರಿಷ್ತಾ ಆ ದಿನಗಳನ್ನು ಬರೆದಿಟ್ಟಿದ್ದಾನೆ. ಬಿಜಾಪುರ, ಅಹಮದನಗರ, ಗೋಲ್ಕೊಂಡ, ಬೀದರಿನ ಸುಲ್ತಾನರ ಪಡೆಗಳು ತಾಳಿಕೋಟೆಯ ಬಳಿ ಬೀಡುಬಿಟ್ಟು ಹೊಳೆ ದಾಟುವ ಜಾಗ ಹುಡುಕಲು ಜನ ಕಳಿಸಿದವು. ಗಾಡಿ, ತೋಪು ದಾಟಿಸಲು ಒದಗುವ ಕಡವನ್ನು ವಿಜಯನಗರದ ಆಡಳಿತ ಹಿಡಿದಿದ್ದ ರಾಮರಾಯನ ಕಡೆಯವರು ಮಣ್ಣಿನ ಒಡ್ಡು ಕಟ್ಟಿ ಕಾಯುತ್ತಿದ್ದಾರೆಂದು ತಿಳಿಯಿತು. ಅದು ಇಂಗಳಗಿಯ ಕಡವು ಎಂದು ಇತಿಹಾಸಕಾರ ಸ್ಯೂಯಲ್ ಗುರುತಿಸುತ್ತಾನೆ. ಸುಲ್ತಾನರು ಬೇರೆ ಕಡವು ಸಿಕ್ಕಿತೆಂಬಂತೆ ದಂಡೆಗುಂಟ ಮೂರು ದಿನ ನಡೆದರು. ಆಚೆ ದಂಡೆಯ ಕಾವಲು ಪಡೆ ಒಡ್ಡು ಬಿಟ್ಟು ಅವರ ಸರಿಸಮ ನಡೆಯಿತು. ಮೂರನೆಯ ರಾತ್ರಿ ಸುಲ್ತಾನರು ಡೇರೆ ಕಿತ್ತು ಧಾವಿಸಿ ಹಿಂದಿರುಗಿ, ಕಾವಲಿಲ್ಲದ ಕಡವಿನಲ್ಲಿ ದಾಟಿಬಿಟ್ಟರು. ಇದು ಪಕ್ಕಾ ಮೋಸ. ಆದರೆ ಇದರಲ್ಲಿ ಯಾರ ಭರವಸೆಯೂ ಮುರಿಯಲಿಲ್ಲ. ಹಗೆಯ ನಡೆ ನೋಡಿ ತಾನು ನಡೆಯುವವನು ಹಗೆಯನ್ನು ನಂಬಿದವನಲ್ಲ, ಅವನು ಊಹಿಸಿದವನು. ಊಹೆ ತಪ್ಪಿತು, ಅಷ್ಟೆ. ಇನ್ನು ಜನರ ನೆನಪನ್ನು ನೋಡಿ. ನಾಲ್ಕೂವರೆ ಶತಮಾನದಲ್ಲಿ ಆ ಕಡವಿನ ಉಪಾಯಕ್ಕಾಗಿ ಸುಲ್ತಾನರನ್ನು ಬೈದವರು ಯಾರೂ ಇದ್ದಂತಿಲ್ಲ. ಎಲ್ಲ ಸಿಟ್ಟೂ ಹರಿದಿರುವುದು ಮತ್ತೊಂದು ಕಥೆಯ ಕಡೆಗೆ: ರಾಮರಾಯನ ಉಪ್ಪು ತಿಂದ ಇಬ್ಬರು ಮುಸ್ಲಿಮ್ ಸೇನಾಪತಿಗಳು ಕಾಳಗದ ನಡುವೆ ಪಕ್ಷ ಬದಲಿಸಿದರು ಎಂಬುದು. 1567ರಲ್ಲಿ ವಿಜಯನಗರಕ್ಕೆ ಬಂದ ವೆನಿಸ್ಸಿನ ವರ್ತಕ ಸೀಸರ್ ಫ್ರೆಡರಿಕ್ ಬರೆದಿಟ್ಟ ಕಥೆ ಅದು. ಅದರ ಆಧಾರ ತೆಳುವೆಂದು ಇಂದಿನ ಹಲವು ಇತಿಹಾಸಕಾರರು ಹೇಳುತ್ತಾರೆ. ಅದನ್ನೊಂದು ಮತದವರ ಮೇಲಿನ ದೂರಾಗಿ ಬಳಸಿಕೊಂಡವರೂ ಇದ್ದಾರೆ. ಸುಲ್ತಾನರ ದಂಡಿನಲ್ಲಿ ಹಿಂದೂ ಸರದಾರರಿದ್ದರೆಂಬುದು ಅಂಥವರಿಗೆ ನೆನಪಾಗುವುದಿಲ್ಲ. ನನಗೆ ಇಲ್ಲಿ ಬೇಕಾದದ್ದು ಕಥೆ ನಿಜವೆ ಎಂಬುದಲ್ಲ, ಜನ ಯಾವುದಕ್ಕೆ ನೊಂದರು ಎಂಬುದು. ಹಗೆ ಹೂಡಿದ ಉಪಾಯ ಅವರಿಗೆ ಯುದ್ಧದ ಭಾಗ, ನಂಬಿದವನು ಕೈಕೊಟ್ಟದ್ದು ಪಾಪ. ಗುರುಮಠದಲ್ಲಿ ಕಲಿಯದ ಸಾಮಾನ್ಯರೂ ಈ ಗೆರೆಯನ್ನು ತಾವಾಗಿಯೇ ಎಳೆದುಕೊಂಡಿದ್ದಾರೆ.

ಭಾರತದ ಕಥೆಯಲ್ಲೂ ಅದೇ ಗೆರೆ. ಕುರುಕ್ಷೇತ್ರದಲ್ಲಿ ಕಪಟಕ್ಕೆ ಬರವಿರಲಿಲ್ಲ. ಆದರೆ ನೆಲದಿಂದ ನಾಲ್ಕು ಬೆರಳು ಮೇಲೆ ಓಡುತ್ತಿದ್ದ ರಥ ನೆಲಕ್ಕಿಳಿದದ್ದು ಒಬ್ಬನದೇ. ಅಶ್ವತ್ಥಾಮ ಸತ್ತನೆಂದು ಭೀಮ ಕೂಗಿದಾಗ ದ್ರೋಣ ನಂಬಲಿಲ್ಲ, ಧರ್ಮರಾಯನನ್ನು ಕೇಳಿದ. ಭೀಮನ ಸುಳ್ಳಿಗೆ ಬೆಲೆಯೇ ಇರಲಿಲ್ಲ, ಏಕೆಂದರೆ ಅವನನ್ನು ಆ ಹೊತ್ತಿನಲ್ಲಿ ನಂಬುವವರಿರಲಿಲ್ಲ. ಧರ್ಮರಾಯನ ಅರೆಸತ್ಯ ಕೆಲಸ ಮಾಡಿದ್ದು ಜೀವಮಾನವಿಡೀ ಕೂಡಿಟ್ಟ ವಿಶ್ವಾಸದ ಬಲದಿಂದ. ಆ ವಿಶ್ವಾಸ ದ್ರೋಣನದು, ಗುರು ಶಿಷ್ಯನಲ್ಲಿ ಇಟ್ಟದ್ದು. ವ್ಯಾಕರಣದ ಲೆಕ್ಕದಲ್ಲಿ ಭೀಮನದು ದೊಡ್ಡ ಸುಳ್ಳು, ಧರ್ಮರಾಯನದು ಚಿಕ್ಕದು. ಆದರೂ ಕವಿಗಳು ದಂಡನೆಯನ್ನು ಚಿಕ್ಕ ಸುಳ್ಳಿಗೇ ಕೊಟ್ಟರು.

ಹಾಗಾದರೆ ಗುಟ್ಟಿನ ಕಸುಬೊಂದು ಕಾಯಕವಾಗಲು ಸಾಧ್ಯವೆ? ಶರಣರ ಸಾಲಿನಲ್ಲಿ ಇದಕ್ಕೊಬ್ಬ ಸಾಕ್ಷಿಯಿದ್ದಾನೆ. ಅವನನ್ನು ಪಂಡಿತರು ಸ್ವಲ್ಪ ಮುಜುಗರದಿಂದಲೇ ನೆನೆಯುತ್ತಾರೆ: ಕನ್ನದ ಮಾರಿತಂದೆ. ಕನ್ನ ಹಾಕುವುದು ಅವನ ಕಸುಬು. ಅದೇ ಕಸುಬಿನ ಮಾತಿನಲ್ಲಿ ಅವನು ತನ್ನ ವಚನ ಹೇಳಿದ. ಕತ್ತಲಲ್ಲಿ ಕನ್ನ ಕೊರೆಯುವುದು, ಮೈಮರೆತು ಮಲಗಿದವರ ಮನೆ ಹೊಗುವುದು ತನ್ನ ವಿದ್ಯೆಗೆ ಅವಮಾನ ಎಂಬುದು ಅವನ ನಿಲುವು. ಮಲಗಿದವರನ್ನು ಎಬ್ಬಿಸಬೇಕು, ಅವರದು ಯಾವುದೆಂದು ಅವರಿಗೇ ತೋರಿಸಬೇಕು, ತನ್ನದನ್ನು ಮಾತ್ರ ತರಬೇಕು. ಇದನ್ನು ಅನುಭಾವದ ಒಗಟಾಗಿ ಓದುವುದು ವಾಡಿಕೆ, ಅದು ಸರಿಯೇ. ಆದರೆ ಒಗಟಿನ ಹೊರಪದರದಲ್ಲೂ ಒಂದು ನೀತಿ ಇದೆ. ಅದು ಬೇಹಿನ ಕೆಲಸಕ್ಕೆ ಬೇರೆ ಯಾವ ಶಾಸ್ತ್ರಕ್ಕಿಂತ ಹತ್ತಿರದ್ದು. ಸ್ವತ್ತಿನ ಒಡೆಯ ಎಚ್ಚತ್ತು ಎದುರಿಗೆ ನಿಂತು ನೋಡಿದರೂ ‘ಇದು ನನ್ನದೇ, ಒಯ್ಯುತ್ತೇನೆ’ ಎನ್ನಲು ಬಾಯಿ ಬರುವಂತಿರಬೇಕು. ಚೀನೀ ಭಾಷೆ ಕಲಿತವನು ಅದನ್ನು ಗಡಿಯಲ್ಲಿ ಬಳಸಿದರೆ, ಅವನಿಗೆ ಕಲಿಸಿದ ಗುರುವನ್ನು ನಡುರಾತ್ರಿ ಎಬ್ಬಿಸಿ ಹೇಳಿದರೂ ತಪ್ಪೆನ್ನಲಾರರು, ಹೆಚ್ಚೆಂದರೆ ಬೇಸರಪಟ್ಟಾರು. ಆ ಐವರ ನೇಮಕ ದೊಡ್ಡ ಸುದ್ದಿ ಎಂದದ್ದು ಇದಕ್ಕೇ. ಎರಡನೆಯ ಮಹಾಯುದ್ಧದಲ್ಲಿ ಹಿಟ್ಲರನಿಂದ ತಪ್ಪಿಸಿಕೊಂಡು ಬಂದ ಜರ್ಮನ್ ಯಹೂದಿ ತರುಣರಿಗೆ ಅಮೆರಿಕದ ಸೇನೆ ಮೇರಿಲ್ಯಾಂಡಿನ ಕ್ಯಾಂಪ್ ರಿಚಿಯಲ್ಲಿ ವಿಚಾರಣೆಯ ವಿದ್ಯೆ ಕಲಿಸಿ ಯೂರೋಪಿಗೆ ಕಳಿಸಿತು. ಅವರು ಒಯ್ದದ್ದೂ ತಾಯ್ನುಡಿಯನ್ನೇ, ತಾವು ಹುಟ್ಟಿ ಬೆಳೆದ ನೆಲದ ಪರಿಚಯವನ್ನೇ.

ಇಲ್ಲಿ ಗಟ್ಟಿ ಆಕ್ಷೇಪವೊಂದಿದೆ. ತಿಳಿವಳಿಕೆ, ಭರವಸೆ ಎಂದು ಬೇರೆ ಮಾಡುವುದು ಕಾಗದದ ಮೇಲೆ ಸುಲಭ. ಮನುಷ್ಯ ಏನನ್ನು ತಿಳಿದಿದ್ದರೂ ಅವನನ್ನು ನಂಬಿದವರಿಂದಲೇ ತಿಳಿದಿರುತ್ತಾನಲ್ಲ? ಇದಕ್ಕೂ ತಾಳಿಕೋಟೆಯಲ್ಲೇ ಉದಾಹರಣೆಯಿದೆ. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾ ಪಟ್ಟಕ್ಕೆ ಬರುವ ಮೊದಲು ಅಣ್ಣನಿಗೆ ಹೆದರಿ ಓಡಿಬಂದು, 1543ರಿಂದ ಏಳು ವರ್ಷ ರಾಮರಾಯನ ಆಶ್ರಯದಲ್ಲಿ ವಿಜಯನಗರದಲ್ಲಿದ್ದ. ತೆಲುಗು ಕಾವ್ಯದ ರುಚಿ ಹತ್ತಿಸಿಕೊಂಡ. ತೆಲುಗು ಕವಿಗಳು ಅವನನ್ನು ಮಲ್ಕಿಭರಾಮನೆಂದು ಹೊಗಳಿದರು. ಅದೇ ಇಬ್ರಾಹಿಂ 1565ರಲ್ಲಿ ಎದುರು ಪಾಳೆಯದಲ್ಲಿದ್ದ. ಬಿಜಾಪುರದ ಅಲಿ ಆದಿಲ್ ಶಾನದೂ ಹೆಚ್ಚುಕಡಿಮೆ ಅಂಥದೇ ಕಥೆ. ಮಗನನ್ನು ಕಳೆದುಕೊಂಡ ರಾಮರಾಯನಿಗೆ ಸಾಂತ್ವನ ಹೇಳಲು ಬಂದಾಗ ಅರಸಿ ಅವನನ್ನು ಮಗನೆಂದು ಕರೆದಳೆಂದು ಫೆರಿಷ್ತಾ ಬರೆಯುತ್ತಾನೆ. ಏಳು ವರ್ಷದ ಅತಿಥಿ ಕಲಿತ ಭಾಷೆ, ಕಂಡ ಆಡಳಿತದ ರೀತಿ, ಸರದಾರರ ಗುಣಾವಗುಣದ ಅಂದಾಜು ಇವೆಲ್ಲ ಯಾರ ಸ್ವತ್ತು? ಒಪ್ಪುತ್ತೇನೆ, ಗೆರೆ ಇಲ್ಲಿ ಮಸುಕು. ಆದರೆ ಮಸುಕಾದ ಗೆರೆಯೂ ಗೆರೆಯೇ. ಪೇಟೆಯಲ್ಲಿ ಓಡಾಡುವ ಯಾರಾದರೂ ಕಾಣಬಹುದಾಗಿದ್ದನ್ನು ಅತಿಥಿಯೂ ಕಂಡ, ಅದು ಅವನದು. ಒಳಮನೆಯಲ್ಲಿ ಮಗನೆಂದೋ ಆಶ್ರಿತನೆಂದೋ ಕೂರಿಸಿ ಹೇಳಿದ ಮಾತು ಅವನದಲ್ಲ. ಹಗೆಯಾದ ಮೇಲೂ ಅದನ್ನು ಬಳಸುವಂತಿಲ್ಲ. ಎಬ್ಬಿಸಿ ಕೇಳುವ ಪರೀಕ್ಷೆ ಇಲ್ಲೂ ಬಹುಪಾಲು ಕೆಲಸ ಮಾಡುತ್ತದೆ, ಉಳಿದ ಸ್ವಲ್ಪದಲ್ಲಿ ಮನುಷ್ಯ ತನ್ನ ಅಳುಕನ್ನು ತಾನೇ ಹೊರಬೇಕು. ಯುದ್ಧದ ಕಾನೂನೂ ಹೆಚ್ಚುಕಡಿಮೆ ಇಲ್ಲಿಗೇ ಬಂದು ನಿಂತಿದೆ. 1907ರ ಹೇಗ್ ನಿಯಮಗಳು ಯುದ್ಧತಂತ್ರದ ವಂಚನೆಯನ್ನು ಒಪ್ಪುತ್ತವೆ. 1977ರ ಜಿನೀವಾ ಪೂರಕ ಒಪ್ಪಂದ ಹುಸಿ ನಡೆ, ಮರೆಮಾಚು, ತಪ್ಪು ಸುದ್ದಿಗಳನ್ನು ಬಿಟ್ಟು, ಎದುರಾಳಿಯ ವಿಶ್ವಾಸವನ್ನು ಕರೆದು ಅದನ್ನೇ ಮುರಿದು ಕೊಲ್ಲುವುದನ್ನು ನಿಷೇಧಿಸುತ್ತದೆ. ಭಾರತ ಆ ಒಪ್ಪಂದಕ್ಕೆ ಸೇರಿಲ್ಲ. ಆದರೂ ಅದು ಹೇಳುವ ಭೇದ ನಮಗೆ ಹೊಸದಲ್ಲ.

ಜೀವ ಉಳಿಸುವುದಾದರೆ ಭರವಸೆಯೊಂದನ್ನು ಮುರಿದರೇನು ಎಂಬುದು ಎರಡನೆಯ ಆಕ್ಷೇಪ, ಎಲ್ಲಕ್ಕಿಂತ ಜನಪ್ರಿಯವಾದದ್ದು. 2011ರಲ್ಲಿ ಅಬೋಟ್ಟಾಬಾದಿನಲ್ಲಿ ಬಿನ್ ಲಾದೆನ್ ಇರುವ ಮನೆಯನ್ನು ಖಚಿತ ಮಾಡಿಕೊಳ್ಳಲು ಸಿಐಎ ಪಾಕಿಸ್ತಾನಿ ವೈದ್ಯ ಶಕೀಲ್ ಅಫ್ರಿದಿಯವರಿಂದ ಹೆಪಟೈಟಿಸ್ ಬಿ ಲಸಿಕೆಯ ಅಭಿಯಾನ ನಡೆಸಿತು. ಹಗೆ ಸತ್ತ, ಲೆಕ್ಕ ಅಲ್ಲಿಗೆ ಮುಗಿಯಬೇಕಿತ್ತು. ಮುಗಿಯಲಿಲ್ಲ. ಮರುವರ್ಷ ಉತ್ತರ ವಜೀರಿಸ್ತಾನದಲ್ಲಿ ತಾಲಿಬಾನ್ ಲಸಿಕೆಯನ್ನೇ ನಿಷೇಧಿಸಿತು, ಡಿಸೆಂಬರಿನಲ್ಲಿ ಪೋಲಿಯೊ ಹನಿ ಹಾಕುವ ಹೆಣ್ಣುಮಕ್ಕಳನ್ನು ಗುಂಡಿಟ್ಟು ಕೊಂದರು. 2014ರಲ್ಲಿ ಅಮೆರಿಕ ಸರ್ಕಾರವೇ ಇನ್ನು ಮುಂದೆ ಲಸಿಕಾ ಕಾರ್ಯಕ್ರಮವನ್ನು ಬೇಹಿಗೆ ಬಳಸುವುದಿಲ್ಲ ಎಂದು ಹೇಳಬೇಕಾಯಿತು. ಗಳಿಕೆ ಒಂದು ಕಡೆಯವರದು, ನಷ್ಟ ತುಂಬಿದವರು ಆ ವ್ಯವಹಾರದ ಸುಳಿವೂ ಇಲ್ಲದ ಕೂಸುಗಳು, ದಿನಗೂಲಿಗೆ ಹನಿ ಹಾಕುತ್ತಿದ್ದ ಹೆಂಗಸರು. ಭರವಸೆ ಒಬ್ಬ ವೈದ್ಯನ ಆಸ್ತಿಯಲ್ಲ, ವೈದ್ಯಕ್ಕೆ ಸೇರಿದ ಸಾಮೂಹಿಕ ಆಸ್ತಿ. ಒಬ್ಬ ಖರ್ಚು ಮಾಡಿದರೆ ಎಲ್ಲರ ಗಂಟೂ ಕರಗುತ್ತದೆ. ಬೇಹು ನಡೆಯದೆಯೇ, ಬರೀ ಅನುಮಾನದಿಂದಲೂ ಅದು ಕರಗಬಲ್ಲದು. 2020ರ ಏಪ್ರಿಲಿನಲ್ಲಿ ಬೆಂಗಳೂರಿನಲ್ಲಿ ಕೊರೊನಾ ಸಮೀಕ್ಷೆಗೆ ಮನೆಮನೆಗೆ ಹೋದ ಆಶಾ ಕಾರ್ಯಕರ್ತೆಯರ ಮೇಲೆ ಹಲ್ಲೆಯಾಯಿತು. ಪೌರತ್ವದ ಪಟ್ಟಿಗೆ ಹೆಸರು ಬರೆದುಕೊಳ್ಳಲು ಬಂದಿದ್ದಾರೆಂಬ ಗುಮಾನಿ ಅದರ ಹಿಂದಿತ್ತು. ಆ ಹೆಣ್ಣುಮಕ್ಕಳು ಯಾರ ಬೇಹುಗಾರರೂ ಆಗಿರಲಿಲ್ಲ. ನಮ್ಮ ನಾಡಿನಲ್ಲೇ ಹಳೆಯ ಉದಾಹರಣೆ ಬೇಕಾದರೆ ಮೈಸೂರಿನ ಅಂಚೆ ಇದೆ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಕಟ್ಟಿದ ಆ ವ್ಯವಸ್ಥೆಯಲ್ಲಿ ಅಂಚೆಯವರು ಕಾಗದ ಮುಟ್ಟಿಸುವುದರ ಜೊತೆಗೆ ತಮ್ಮ ಸೀಮೆಯ ಗುಟ್ಟನ್ನೆಲ್ಲ ಅರಮನೆಗೆ ತಲುಪಿಸುತ್ತಿದ್ದರು, ಜನ ಅದಕ್ಕೆ ಅಂಜುತ್ತಿದ್ದರು ಎಂದು ಇತಿಹಾಸಕಾರ ವಿಲ್ಕ್ಸ್ ಬರೆದಿದ್ದಾನೆ. ಒಡೆಯರ ದಕ್ಷತೆಯನ್ನು ಹೊಗಳುವಾಗ ನಾವು ಈ ಸಾಲನ್ನು ಹಾರಿಸಿಬಿಡುತ್ತೇವೆ.

ಎದುರಾಳಿ ಈ ಗೆರೆಯನ್ನು ಮಾನ್ಯ ಮಾಡದಿದ್ದರೆ ನಾವೇಕೆ ಮಾಡಬೇಕು? ಇದು ಕೌಟಿಲ್ಯನ ಬಾಯಲ್ಲಿ ಬರಬಹುದಾದ ಆಕ್ಷೇಪ. ಅವನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಆರ್. ಶಾಮಾಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚುಮಾಡಿಸಿದರು. ಅದರ ಮೊದಲ ಅಧಿಕರಣದಲ್ಲಿಯೇ ಬೇಹಿನ ಇಡೀ ಕಾರ್ಖಾನೆ ತೆರೆದುಕೊಳ್ಳುತ್ತದೆ. ಒಂದೆಡೆ ನೆಲೆ ನಿಂತವರು, ಇನ್ನೊಂದೆಡೆ ಸುತ್ತಾಡುವವರು. ನೆಲೆ ನಿಂತವರಲ್ಲಿ ಕಪಟ ಶಿಷ್ಯ, ಸನ್ಯಾಸ ಬಿಟ್ಟವನು, ಒಕ್ಕಲಿಗ, ವರ್ತಕ, ತಾಪಸ. ಸುತ್ತಾಡುವವರಲ್ಲಿ ಭಿಕ್ಷುಕಿಯೂ ಉಂಟು. ಇಂದಿನ ಮೀಸಲು ಘಟಕದ ನಕ್ಷೆ ಇದೇ ಅಲ್ಲವೆ ಅನ್ನಿಸುವಷ್ಟು ಎಲ್ಲ ಕಸುಬೂ ಇದರಲ್ಲಿವೆ. ತಾಪಸನ ವೇಷದ ವಿವರಣೆ ಮಾತ್ರ ನಗು ತರಿಸುತ್ತದೆ. ಊರ ಹೊರಗೆ ಶಿಷ್ಯರೊಡನೆ ನೆಲೆಸಿ, ಎಲ್ಲರೆದುರು ತಿಂಗಳಿಗೋ ಎರಡು ತಿಂಗಳಿಗೋ ಒಮ್ಮೆ ಹಿಡಿ ಸೊಪ್ಪೋ ಜವೆಗೋಧಿಯೋ ತಿಂದು, ಮರೆಯಲ್ಲಿ ಬೇಕಾದ್ದನ್ನು ಉಣ್ಣಬೇಕು. ಅವನು ನುಡಿದ ಭವಿಷ್ಯವನ್ನು ಉಳಿದ ಚಾರರು ಸೇರಿ ನಿಜ ಮಾಡಿ ತೋರಿಸಬೇಕು. ಆದರೆ ಕೌಟಿಲ್ಯನಿಗೇ ಈ ಕಾರ್ಖಾನೆಯ ಮೇಲೆ ನಂಬಿಕೆಯಿರಲಿಲ್ಲ. ಒಬ್ಬರನ್ನೊಬ್ಬರು ಅರಿಯದ ಮೂವರು ಒಂದೇ ಮಾತು ಹೇಳಿದರೆ ಮಾತ್ರ ನಂಬು ಎಂದ. ಎರಡೂ ಕಡೆ ಸಂಬಳ ತಿನ್ನುವವನ ಹೆಂಡತಿ ಮಕ್ಕಳನ್ನು ಒತ್ತೆಯಾಗಿ ಇಟ್ಟುಕೊ ಎಂದ. ವಿಶ್ವಾಸವನ್ನು ಉರುವಲು ಮಾಡಿ ಉರಿಸುವ ರಾಜ್ಯ ಕೊನೆಗೆ ತನ್ನ ಬೇಹುಗಾರನನ್ನೂ ನಂಬಲಾರದ ಜಾಗಕ್ಕೆ ಬರುತ್ತದೆಂಬುದನ್ನು ಅವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಎದುರಾಳಿಯ ಆಕ್ಷೇಪಕ್ಕೆ ಉತ್ತರವೂ ಇಲ್ಲಿಯೇ ಇದೆ. ತಾಪಸನ ವೇಷದಿಂದ ಕೆಡುವುದು ಹಗೆಯ ನಾಡಿನ ತಪಸ್ಸಲ್ಲ, ನಮ್ಮ ನಾಡಿನದೇ. ಸಿಂದಗಿ, ಇಂಡಿ, ಬಾಗೇವಾಡಿಯ ಹಳ್ಳಿಗಳಲ್ಲಿ ಜಂಗಮನಿಗೂ ಫಕೀರನಿಗೂ ಬಾಗಿಲು ತೆರೆಯುವ ತಾಯಂದಿರು ಅವನ ಗುರುತಿನ ಚೀಟಿ ಕೇಳುವುದಿಲ್ಲ. ಆ ತೆರೆದ ಬಾಗಿಲು ಯಾವ ಸುಲ್ತಾನನೂ ಯಾವ ಸರ್ಕಾರವೂ ಕಟ್ಟಿಕೊಟ್ಟದ್ದಲ್ಲ. ಅಮೆರಿಕದ ಸಂಸತ್ತಿನ ಚರ್ಚ್ ಸಮಿತಿ ಸಿಐಎಯ ಹುಳುಕುಗಳನ್ನು ಬಯಲಿಗೆಳೆಯುತ್ತಿದ್ದ 1976ರಲ್ಲಿ, ಪಾದ್ರಿಗಳನ್ನೂ ಧರ್ಮಪ್ರಚಾರಕರನ್ನೂ ಹಣ ಕೊಟ್ಟು ಬಳಸುವುದಿಲ್ಲವೆಂದು ಆ ಸಂಸ್ಥೆಯೇ ಘೋಷಿಸಿತು. ಅದು ಭಕ್ತಿಯಿಂದ ಬಂದ ಮಾತಲ್ಲ, ಸಿಕ್ಕಿಬಿದ್ದ ಮೇಲಿನ ಲೆಕ್ಕಾಚಾರ. ಇರಲಿ, ಲೆಕ್ಕಾಚಾರವೂ ಇದೇ ಗೆರೆಗೆ ಬಂದು ಮುಟ್ಟಿತಲ್ಲ.

ಮೀಸಲು ಸೈನಿಕ ಊರಿಗೆ ಮರಳಬೇಕಾದವನು, ಆದ್ದರಿಂದ ಅವನ ಕೈ ಕಾಯಂ ಸೈನಿಕನದಕ್ಕಿಂತ ಶುದ್ಧವಾಗಿರುತ್ತದೆ ಎಂದು ಕೆಲವರು ನನ್ನ ವಾದಕ್ಕೆ ಬೆಂಬಲ ಕೊಡಬಹುದು. ಆ ಬೆಂಬಲವನ್ನು ನಾನು ಅರ್ಧಕ್ಕಿಂತ ಹೆಚ್ಚು ತೆಗೆದುಕೊಳ್ಳಲಾರೆ. ಇರಾಕಿನ ಅಬು ಘ್ರೈಬ್ ಸೆರೆಮನೆಯಲ್ಲಿ 2003ರ ಕೊನೆಗೆ ಕೈದಿಗಳನ್ನು ಬೆತ್ತಲೆ ಮಾಡಿ, ನಾಯಿ ಬಿಟ್ಟು ಹಿಂಸಿಸಿದವರಲ್ಲಿ ಬಹುಮಂದಿ 372ನೆಯ ಮಿಲಿಟರಿ ಪೊಲೀಸ್ ಕಂಪನಿಯವರು. ಅದು ಮೇರಿಲ್ಯಾಂಡಿನ ಸಣ್ಣ ಊರೊಂದರ ಮೀಸಲು ಘಟಕ. ಅಂಗಡಿ, ಹೋಟೆಲಿನ ಕೆಲಸದಿಂದ ಬಂದವರು ಅವರಲ್ಲಿದ್ದರು. ಮುಖಂಡನಂತಿದ್ದ ಚಾರ್ಲ್ಸ್ ಗ್ರೇನರ್ ಊರಿನಲ್ಲಿ ಜೈಲು ಕಾವಲುಗಾರನಾಗಿದ್ದವನು. ವಿಚಾರಣೆಗೆ ಮುನ್ನ ಕೈದಿಗಳನ್ನು ‘ಹದ’ ಮಾಡಿಡಲು ಬೇಹು ವಿಭಾಗದವರು ಅವರಿಗೆ ಹೇಳಿದ್ದರೆಂದು ಜನರಲ್ ಟಗುಬಾ ವರದಿ ದಾಖಲಿಸಿತು. ಊರಿನ ಬದುಕು ಅವರ ಕೈ ತಡೆಯಲಿಲ್ಲ. ಗ್ರೇನರ್ ತಂದದ್ದು ಊರಿನ ಜೈಲಿನ ಅನುಭವವನ್ನೇ. ಆದರೆ 2004ರ ಜನವರಿಯಲ್ಲಿ ಆ ಚಿತ್ರಗಳನ್ನು ತನಿಖೆಯವರಿಗೆ ಒಪ್ಪಿಸಿದ ಜೋ ಡಾರ್ಬಿ ಕೂಡ ಅದೇ ಕಂಪನಿಯ ಮೀಸಲು ಸೈನಿಕ. ಅವನ ಹೆಸರು ಬಹಿರಂಗವಾದ ಮೇಲೆ ಅವನ ಊರಿನವರೇ ಅವನನ್ನು ದ್ರೋಹಿ ಎಂದರು, ಅವನು ಮತ್ತೆ ಅಲ್ಲಿ ಬಾಳಲು ಹೋಗಲಿಲ್ಲ. ಎರಡು ಬದುಕು ಇದ್ದ ಮಾತ್ರಕ್ಕೆ ಒಂದು ಇನ್ನೊಂದನ್ನು ತಿದ್ದುವುದಿಲ್ಲ. ಹಿಂತಿರುಗಿ ಬಂದವನಿಗೆ ‘ಅಲ್ಲೇನು ಮಾಡಿದೆ’ ಎಂದು ಕೇಳುವ ಊರು ಇರಬೇಕು. ಕೇಳಿದಾಗ ಗೆದ್ದೆಯಾ ಎಂದಷ್ಟೇ ಕೇಳುವ ಊರಾದರೆ, ಮೀಸಲು ಸೈನಿಕನ ಎರಡನೆಯ ಬದುಕಿಗೆ ನೀತಿಯ ತೂಕವೇ ಇಲ್ಲ.

ನನ್ನ ಗೆರೆ ಬಹಳ ಕಷ್ಟಪಡುವ ಜಾಗವೊಂದು ಉಳಿದಿದೆ, ಅದು ನಮ್ಮ ದೇಶದ್ದೇ. ಜಮ್ಮು-ಕಾಶ್ಮೀರದಲ್ಲಿ ಟೆರಿಟೋರಿಯಲ್ ಆರ್ಮಿಯ ‘ಹೋಮ್ ಅಂಡ್ ಹಾರ್ತ್’ ಬೆಟಾಲಿಯನ್ನುಗಳು ಸ್ಥಳೀಯರಿಂದಲೇ ಕಟ್ಟಿದವು. ಅವುಗಳಲ್ಲಿ 162ನೆಯದಕ್ಕೆ ಬಂದೂಕು ಬಿಟ್ಟು ಸರ್ಕಾರದ ಕಡೆ ಬಂದ ಮಾಜಿ ಉಗ್ರರನ್ನೂ ಸೇರಿಸಿಕೊಂಡರು. ಹಾಗೆ ಬಂದ ನಜೀರ್ ಅಹ್ಮದ್ ವಾನಿ ಕಾಳಗದಲ್ಲಿ ಮಡಿದರು. ಅವರಿಗೆ 2019ರಲ್ಲಿ ಮರಣೋತ್ತರ ಅಶೋಕಚಕ್ರ ಬಂತು. ಅಂಥ ಘಟಕದ ಬಲವೇ ನೆರೆಹೊರೆಯ ಪರಿಚಯ. ಯಾವ ಮನೆಗೆ ಯಾರು ಬಂದಿದ್ದಾರೆ ಎಂಬುದು ಅಲ್ಲಿ ತಿಳಿವಳಿಕೆಯೆ, ಭರವಸೆಯೆ? ಕಣಿವೆಯ ದಾರಿ, ಮಾತಿನ ಒಗರು, ಬೆಟ್ಟದ ಹವೆ ಬಲ್ಲವನನ್ನು ಸೇನೆ ಕರೆದೊಯ್ಯಲಿ, ಅದಕ್ಕೆ ನನ್ನ ತಕರಾರಿಲ್ಲ. ಸೋದರಮಾವನ ಮನೆಯ ಊಟದಲ್ಲಿ ಕೇಳಿದ್ದನ್ನು ಬರೆದುಕೊಡು ಎಂದರೆ ಇದೆ. ಆ ಸೈನಿಕನ ಪ್ರಾಣಕ್ಕೂ ಅದು ಸುರಕ್ಷಿತವಲ್ಲ, ಅವನ ಮನೆಯವರಿಗಂತೂ ಅಲ್ಲವೇ ಅಲ್ಲ. ಸೈನಿಕ ದುಡಿಯುವ ಜಾಗ ಅವನ ಸ್ವಂತ ಊರು ಆಗದಂತೆ ನೋಡಿಕೊಂಡರೆ ಈ ಇಕ್ಕಟ್ಟು ಅರ್ಧ ಸಡಿಲವಾಗುತ್ತದೆ, ಪೂರ್ತಿಯಲ್ಲ. ಇದು ಕಾಶ್ಮೀರಕ್ಕಷ್ಟೇ ನಿಲ್ಲುವ ಇಕ್ಕಟ್ಟೂ ಅಲ್ಲ. ಭಾಷಾಂತರಕಾರರಿಂದ ಶುರುವಾದ ಪರಿಣತರ ನೇಮಕ ಕಂಪ್ಯೂಟರಿನವರಿಗೆ, ವೈದ್ಯರಿಗೆ, ಪತ್ರಕರ್ತರಿಗೆ ಹಬ್ಬುವ ದಿನ ದೂರವಿರಲಾರದು. ಆಗ ನೇಮಕದ ಕಾಗದದಲ್ಲಿ ಎರಡು ಸಾಲು ಸೇರಿಸಬೇಕಾಗುತ್ತದೆ. ವೈದ್ಯನನ್ನು ಸೇನೆಗೆ ತೆಗೆದುಕೊಂಡರೆ ಗಾಯಾಳುಗಳ ಉಪಚಾರಕ್ಕೆ, ರೋಗದ ಸುದ್ದಿಯ ವಿಶ್ಲೇಷಣೆಗೆ. ಅವನ ರೋಗಿಗಳ ಕಡತಕ್ಕಲ್ಲ. ಮಠದವರನ್ನು, ಮೌಲ್ವಿಗಳನ್ನು, ಜನಗಣತಿಯವರನ್ನು, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರನ್ನು ಬೇಹಿನ ಕೆಲಸಕ್ಕೆ ಕೇಳುವಂತಿಲ್ಲ, ಅವರಾಗಿ ಬಂದರೂ ತೆಗೆದುಕೊಳ್ಳುವಂತಿಲ್ಲ. ಇದರಿಂದ ಕೆಲವು ಸುದ್ದಿ ಸೇನೆಗೆ ತಡವಾಗಿ ತಲುಪೀತು, ಕೆಲವು ತಲುಪದೆಯೇ ಹೋದೀತು.